ಮತ್ತೆ ಕಿರಿದಾದ ಕಾಲಿನ ರಕ್ತನಾಳ: ಒಂದು ಪ್ರಕರಣ, ಗಿಡದಿಂದ ಬಂದ ಎರಡು ಔಷಧಿ

ಮೇಷ್ಟ್ರಿಗೆ 64 ವರ್ಷ. ಹತ್ತು ವರ್ಷದಿಂದ ಶುಗರ್ ಇದೆ. ಮೂವತ್ತು ವರ್ಷ ಸಿಗರೇಟು ಸೇದಿದವರು, ಕಾಲಿಗೆ ಮೊದಲ ಚಿಕಿತ್ಸೆ ಆದ ದಿನವೇ ಬಿಟ್ಟರು. ಬಲ ತೊಡೆಯ ರಕ್ತನಾಳವನ್ನು ಬಲೂನ್ ಹಾಕಿ ಹಿಗ್ಗಿಸಿ ಎಂಟು ತಿಂಗಳಾಗಿತ್ತು. ಅದೇ ಜಾಗ ಮತ್ತೆ ಕಿರಿದಾಗಿದೆ ಅಂತ ಸ್ಕ್ಯಾನ್‌ನಲ್ಲಿ ಗೊತ್ತಾದ ಸಂಜೆ ಅವರ ಮಗಳು ನನಗೆ ಫೋನ್ ಮಾಡಿದಳು.

"ಅಕ್ಕಾ, ಅಪ್ಪ ಆರು ತಿಂಗಳಿಂದ ಕರ್ಕ್ಯುಮಿನ್ ಕ್ಯಾಪ್ಸೂಲ್ ತಗೊಳ್ತಾ ಇದ್ರು. ರಕ್ತನಾಳ ಮತ್ತೆ ಮುಚ್ಚದ ಹಾಗೆ ತಡೆಯುತ್ತೆ ಅಂತ ಓದಿದ್ವಿ. ಆದ್ರೂ ಯಾಕೆ ಹೀಗಾಯ್ತು?"

ರೋಗಿಗಳು ತೆಗೆದುಕೊಳ್ಳುವ ಔಷಧಿಗಳ ಪಟ್ಟಿ ನೋಡಿ, ಯಾವುದು ಯಾವುದಕ್ಕೆ ಅಡ್ಡ ಬರುತ್ತದೆ ಅಂತ ಹೇಳುವುದು ನನ್ನ ಕೆಲಸ. ಅವಳು ಓದಿದ್ದು ಸುಳ್ಳಲ್ಲ, ಅದು ನನಗೆ ಗೊತ್ತಿತ್ತು. ಹಾಗಂತ ಆ ಕ್ಯಾಪ್ಸೂಲ್ ಅವರ ಕಾಲಿನಲ್ಲಿ ಏನೂ ಮಾಡಿರಲಾರದು ಅನ್ನುವುದೂ ಗೊತ್ತಿತ್ತು. ಇವೆರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಅನ್ನುವುದನ್ನು ವಿವರಿಸಲು ಈ ಪ್ರಕರಣವನ್ನು ಪೂರ್ತಿ ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ಮೇಷ್ಟ್ರ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೊದಲ ಎಂಟು ತಿಂಗಳು

ಶುರುವಿನಲ್ಲಿ ಮೇಷ್ಟ್ರಿಗೆ ಇದ್ದ ತೊಂದರೆ ನಡಿಗೆಯದು. ನೂರು ಮೀಟರ್ ನಡೆಯುವಷ್ಟರಲ್ಲಿ ಬಲ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಎರಡು ನಿಮಿಷ ನಿಂತರೆ ಹೋಗುತ್ತಿತ್ತು. ಮತ್ತೆ ನಡೆದರೆ ಮತ್ತೆ ಬರುತ್ತಿತ್ತು. ನಡೆಯುವಾಗ ಸ್ನಾಯುವಿಗೆ ಬೇಕಾದಷ್ಟು ರಕ್ತ ಕಿರಿದಾದ ನಾಳದಿಂದ ಸಿಗುವುದಿಲ್ಲ, ಅದಕ್ಕೇ ಈ ನೋವು. ಕಾಲ ಗಿಣ್ಣಿನ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದರೆ ಸಾಮಾನ್ಯವಾಗಿ 1ರ ಆಸುಪಾಸು ಬರಬೇಕು. 0.9ಕ್ಕಿಂತ ಕಡಿಮೆ ಇದ್ದರೆ ಕಾಲಿನ ನಾಳದಲ್ಲಿ ತೊಂದರೆ ಇದೆ ಅಂತ ಅರ್ಥ. ಮೇಷ್ಟ್ರಿಗೆ ಅದು 0.58 ಇತ್ತು. ತೊಡೆಯ ನಾಳದಲ್ಲಿ ಸುಮಾರು 9 ಸೆಂಟಿಮೀಟರ್ ಉದ್ದಕ್ಕೆ ಕೊಬ್ಬಿನ ಗಡ್ಡೆ ಕಟ್ಟಿತ್ತು.

ಬಲೂನ್ ಹಾಕಿ ಹಿಗ್ಗಿಸಿದರು. ನಾಳ ತೆರೆದೇ ಇರುವಂತೆ ಒಳಗೆ ಇಡುವ ಲೋಹದ ಬಲೆಯ ಕೊಳವೆಗೆ ಸ್ಟೆಂಟ್ ಅನ್ನುತ್ತಾರೆ, ಅದನ್ನು ಇಡಲಿಲ್ಲ. ಸಂಖ್ಯೆ 0.92ಕ್ಕೆ ಏರಿತು. ಮೇಷ್ಟ್ರು ಖುಷಿಯಾಗಿ ಮನೆಗೆ ಹೋದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಜಾತಿಯ ಅಟೋರ್ವಾಸ್ಟ್ಯಾಟಿನ್, ಶುಗರ್ ಮಾತ್ರೆ ಬರೆದುಕೊಟ್ಟಿದ್ದರು.

ಎರಡನೇ ತಿಂಗಳಲ್ಲಿ ಕರ್ಕ್ಯುಮಿನ್ ಮತ್ತು ಪೈಪರಿನ್ ಸೇರಿಸಿದ ಕ್ಯಾಪ್ಸೂಲ್ ಶುರು ಮಾಡಿದರು. ಕರ್ಕ್ಯುಮಿನ್ ಅರಿಶಿನದ ಹಳದಿ ವಸ್ತು. ಪೈಪರಿನ್ ಕರಿಮೆಣಸಿನ ಖಾರ. ಜೊತೆಗೆ ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್‌ನ ಮಾತ್ರೆಯೂ ಸೇರಿತು. ಇದನ್ನು ಅವರು ವೈದ್ಯರಿಗೆ ಹೇಳಲಿಲ್ಲ. ವೈದ್ಯರೂ ಕೇಳಲಿಲ್ಲ. ಮೂರನೇ ತಿಂಗಳಲ್ಲಿ ಅಟೋರ್ವಾಸ್ಟ್ಯಾಟಿನ್ ನಿಲ್ಲಿಸಿದರು. "ಗಿಡದ್ದು ತಗೊಳ್ತಾ ಇದ್ದೀನಲ್ಲ, ಇದು ಯಾಕೆ ಸುಮ್ನೆ" ಅಂತ ಅವರ ಲೆಕ್ಕ. ಐದನೇ ತಿಂಗಳ ಹೊತ್ತಿಗೆ ಮುಂಗೈ ಮೇಲೆ ನೀಲಿ ಕಲೆಗಳು ಬೀಳತೊಡಗಿದವು. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ. ಎಂಟನೇ ತಿಂಗಳಲ್ಲಿ ಮೀನಖಂಡದ ನೋವು ವಾಪಸ್ ಬಂತು. ಸಂಖ್ಯೆ 0.63ಕ್ಕೆ ಇಳಿದಿತ್ತು. ಡಾಪ್ಲರ್ ಸ್ಕ್ಯಾನ್‌ನಲ್ಲಿ ಕಿರಿದಾದ ಜಾಗದ ರಕ್ತದ ವೇಗ ಅದರ ಮೇಲಿನ ಭಾಗದ ವೇಗಕ್ಕಿಂತ ನಾಲ್ಕು ಪಟ್ಟು ಇತ್ತು. ಎರಡೂವರೆ ಪಟ್ಟಿನ ಆಸುಪಾಸು ಬಂದರೇ ಅರ್ಧಕ್ಕಿಂತ ಜಾಸ್ತಿ ಮುಚ್ಚಿದೆ ಅಂತ ಲೆಕ್ಕ.

ನಾಳ ಯಾಕೆ ಮತ್ತೆ ಕಿರಿದಾಗುತ್ತದೆ

ಬಲೂನ್ ಅಂದರೆ ಮೆತ್ತಗಿನ ವಸ್ತು ಅನ್ನಿಸುತ್ತದೆ. ನಾಳದ ಮಟ್ಟಿಗೆ ಅದು ಗಾಯ. ನಾಳದ ಒಳಗೆ ಒಂದೇ ಒಂದು ಕೋಶದಷ್ಟು ತೆಳುವಾದ ಪದರ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ, ಕೆಳಗಿನ ಸ್ನಾಯು ಸುಮ್ಮನಿರುವಂತೆ ನೋಡಿಕೊಳ್ಳುವುದು ಆ ಪದರವೇ. ಬಲೂನ್ ಉಬ್ಬಿದಾಗ ಅದು ಕಿತ್ತುಹೋಗುತ್ತದೆ. ಕೊಬ್ಬಿನ ಗಡ್ಡೆ ಸೀಳುತ್ತದೆ, ಗೋಡೆ ಎಳೆದುಕೊಳ್ಳುತ್ತದೆ. ಬೆತ್ತಲಾದ ಜಾಗಕ್ಕೆ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಬಂದು ಅಂಟಿಕೊಂಡು, ಕೋಶಗಳಿಗೆ ಬೆಳೆಯಿರಿ ಎನ್ನುವ ಸಂದೇಶದ ಪ್ರೋಟೀನುಗಳನ್ನು ಬಿಡುತ್ತವೆ.

ಆಗ ಗೋಡೆಯ ನಡುವಿನ ಸ್ನಾಯುಕೋಶಗಳು ಎಚ್ಚರಗೊಳ್ಳುತ್ತವೆ. ಅವುಗಳ ಕೆಲಸ ಹಿಗ್ಗುವುದು, ಕುಗ್ಗುವುದು. ಆ ಕೆಲಸ ಬಿಟ್ಟು ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತವೆ. ಒಳಗಡೆಗೆ ತೆವಳುತ್ತವೆ. ಅಲ್ಲಿ ನಾರಿನಂಥ ವಸ್ತುವನ್ನು ಸುರಿದು ಹೊಸ ದಪ್ಪ ಪದರ ಕಟ್ಟುತ್ತವೆ. ಇದು ಮೊದಲಿನ ಕೊಬ್ಬಿನ ಬ್ಲಾಕ್ ಅಲ್ಲ. ನಾಳ ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುತ್ತಿದೆ, ಮಾಯುವುದು ಅತಿಯಾಗಿದೆ ಅಷ್ಟೇ. ಇದರ ಜೊತೆಗೆ ಇಡೀ ನಾಳವೇ ಹೊರಗಿನಿಂದ ಕುಗ್ಗುವುದೂ ಇದೆ. ಸ್ಟೆಂಟ್ ಇದ್ದರೆ ಆ ಕುಗ್ಗುವಿಕೆ ತಪ್ಪುತ್ತದೆ, ಒಳಪದರ ಬೆಳೆಯುವುದು ತಪ್ಪುವುದಿಲ್ಲ.

ಹೀಗೆ ನಾಳ ಹಿಗ್ಗಿಸುವ ಚಿಕಿತ್ಸೆ ಹುಟ್ಟಿದ್ದೇ ಕಾಲಿನಲ್ಲಿ. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಚಾರ್ಲ್ಸ್ ಡಾಟರ್ ಅವರು 82 ವರ್ಷದ ಅಜ್ಜಿಯೊಬ್ಬರ ತೊಡೆಯ ನಾಳವನ್ನು ಕೊಳವೆಗಳಿಂದ ಹಿಗ್ಗಿಸಿದರು. ಕಾಲು ಕತ್ತರಿಸಲು ಒಪ್ಪದೆ ಕೂತಿದ್ದ ಅಜ್ಜಿ ಅವರು. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಅವರು ಹೃದಯದ ನಾಳಕ್ಕೆ ಬಲೂನ್ ಹಾಕಿದರು. ಬಲೂನ್ ಬಳಕೆ ಹೆಚ್ಚಾದಂತೆ ಒಂದು ವಿಷಯ ಸ್ಪಷ್ಟವಾಯಿತು. ಹೃದಯದ ನಾಳಗಳಲ್ಲಿ ನೂರಕ್ಕೆ ಮೂವತ್ತರಿಂದ ಐವತ್ತು ಆರು ತಿಂಗಳೊಳಗೆ ಮತ್ತೆ ಕಿರಿದಾಗುತ್ತಿದ್ದವು.

ಕರ್ಕ್ಯುಮಿನ್ ಯಾಕೆ ಕೈಕೊಟ್ಟಿತು

ಮಗಳು ಓದಿದ್ದು ಇಲಿಗಳ ಮೇಲಿನ ಪ್ರಯೋಗ. ಇಲಿಯ ಕುತ್ತಿಗೆಯ ನಾಳಕ್ಕೆ ಚಿಕ್ಕ ಬಲೂನ್ ತೂರಿಸಿ, ಒಳಪದರ ಕೆರೆದು, ಎರಡು ವಾರದ ನಂತರ ಎಷ್ಟು ದಪ್ಪ ಬೆಳೆದಿದೆ ಅಂತ ಅಳೆಯುತ್ತಾರೆ. ಈ ಪರೀಕ್ಷೆಯಲ್ಲಿ ಕರ್ಕ್ಯುಮಿನ್ ಪಾಸಾಗಿದೆ. ರೆಸ್ವೆರಟ್ರಾಲ್ ಪಾಸಾಗಿದೆ. ಮರದರಿಶಿನದ ಜಾತಿಯ ಗಿಡಗಳಲ್ಲಿರುವ ಬರ್ಬರಿನ್ ಕೂಡ ಪಾಸಾಗಿದೆ. ಸ್ನಾಯುಕೋಶ ಒಡೆಯುವುದನ್ನು ಇವು ನಿಜವಾಗಿ ತಡೆಯುತ್ತವೆ.

ತೊಡಕು ಪ್ರಮಾಣದಲ್ಲಿದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಸಾಮಾನ್ಯವಾಗಿ ಹತ್ತು, ಇಪ್ಪತ್ತು ಮೈಕ್ರೋಮೋಲಾರ್ (ದ್ರವದಲ್ಲಿ ವಸ್ತು ಎಷ್ಟು ದಟ್ಟವಾಗಿದೆ ಅನ್ನುವ ಅಳತೆ) ಕರ್ಕ್ಯುಮಿನ್ ಸುರಿಯುತ್ತಾರೆ. ಮನುಷ್ಯ ಗ್ರಾಂಗಟ್ಟಲೆ ನುಂಗಿದರೂ ರಕ್ತದಲ್ಲಿ ಅಷ್ಟು ಸಿಗುವುದಿಲ್ಲ. ಕರುಳು ಮತ್ತು ಲಿವರ್ ಅದನ್ನು ಬೇಗ ಬದಲಾಯಿಸಿ ಹೊರಗೆ ಕಳಿಸಿಬಿಡುತ್ತವೆ. ಅದಕ್ಕೇ ಕ್ಯಾಪ್ಸೂಲ್ ಮಾಡುವವರು ಪೈಪರಿನ್ ಸೇರಿಸುತ್ತಾರೆ. 1998ರ ಒಂದು ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಮನುಷ್ಯರ ರಕ್ತಕ್ಕೆ ಸೇರಿದ ಕರ್ಕ್ಯುಮಿನ್ ಇಪ್ಪತ್ತು ಪಟ್ಟು ಹೆಚ್ಚಿತು. ಇಪ್ಪತ್ತು ಪಟ್ಟು ಅಂದರೆ ದೊಡ್ಡದಾಗಿ ಕೇಳಿಸುತ್ತದೆ, ಅಲ್ವಾ? ಆದರೆ ಇಲ್ಲದಷ್ಟು ಕಡಿಮೆ ಇದ್ದದ್ದು ಇಪ್ಪತ್ತು ಪಟ್ಟಾದರೂ ಕಡಿಮೆಯೇ.

ಪೈಪರಿನ್ ಇನ್ನೊಂದು ಕೆಲಸ ಮಾಡುತ್ತದೆ. ಔಷಧಿಗಳನ್ನು ಒಡೆಯುವ ಲಿವರ್ ಮತ್ತು ಕರುಳಿನ ಕಿಣ್ವಗಳನ್ನೇ ಅದು ನಿಧಾನ ಮಾಡುತ್ತದೆ. ಕರ್ಕ್ಯುಮಿನ್‌ಗೆ ಮಾತ್ರ ಅಂತ ಇಲ್ಲ, ಬೇರೆ ಮಾತ್ರೆಗಳಿಗೂ ಇದು ಅಡ್ಡ ಬರಬಹುದು. ಕರ್ಕ್ಯುಮಿನ್ ತಾನೂ ಪ್ಲೇಟ್‌ಲೆಟ್‌ಗಳನ್ನು ಸ್ವಲ್ಪ ಮಂದ ಮಾಡುತ್ತದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮೊದಲೇ ಅದನ್ನು ಮಾಡುತ್ತಿದ್ದವು. ಮೇಷ್ಟ್ರ ಮುಂಗೈ ಕಲೆಗಳಿಗೆ ಇದೇ ಕಾರಣ ಅಂತ ಪ್ರಮಾಣ ಮಾಡಿ ಹೇಳಲಾರೆ. ಕ್ಯಾಪ್ಸೂಲ್ ನಿಲ್ಲಿಸಿದ ಎರಡೇ ವಾರದಲ್ಲಿ ಹೊಸ ಕಲೆ ಬೀಳುವುದು ನಿಂತಿತು, ಅಷ್ಟನ್ನು ಹೇಳಬಲ್ಲೆ. ಇಂಥ ಅರಿಶಿನ ಕ್ಯಾಪ್ಸೂಲ್‌ಗಳಿಂದ ಲಿವರ್ ಕೆಟ್ಟ ಪ್ರಕರಣಗಳೂ ದಾಖಲಾಗಿವೆ. ಹಾಗಾಗಿ ಅವರ ಲಿವರ್ ಪರೀಕ್ಷೆಯನ್ನೂ ಮಾಡಿಸಿದೆವು. ಸರಿಯಾಗಿಯೇ ಇತ್ತು.

ಇಲಿ ಪಾಸು ಮಾಡಿದ್ದೆಲ್ಲ ಮನುಷ್ಯರಲ್ಲೂ ಪಾಸಾಗುತ್ತದೆ ಅನ್ನುವ ನಂಬಿಕೆಗೆ ಪೆಟ್ಟು ಬಿದ್ದದ್ದು ಬಹಳ ಹಿಂದೆ, ಅದೂ ಗಿಡದ ಔಷಧಿಯಿಂದಲ್ಲ. ಸಿಲಾಜಪ್ರಿಲ್ ಅನ್ನುವ ರಕ್ತದೊತ್ತಡದ ಮಾತ್ರೆ 1989ರಲ್ಲಿ ಇಲಿಗಳಲ್ಲಿ ಒಳಪದರದ ಬೆಳವಣಿಗೆಯನ್ನು ಬಹುಪಾಲು ತಡೆದಿತ್ತು. ಎಲ್ಲರಿಗೂ ದೊಡ್ಡ ಆಸೆ ಹುಟ್ಟಿತು. 1992ರಲ್ಲಿ ಯುರೋಪಿನ ಏಳುನೂರಕ್ಕೂ ಹೆಚ್ಚು ಹೃದಯ ರೋಗಿಗಳಲ್ಲಿ ನೋಡಿದಾಗ ಯಾವ ಪ್ರಯೋಜನವೂ ಕಾಣಲಿಲ್ಲ. ಪ್ರಯೋಗದ ಇಲಿ ಎಳೆ ವಯಸ್ಸಿನದು, ಆರೋಗ್ಯವಂತ. ಅದರ ನಾಳದಲ್ಲಿ ಕೊಬ್ಬಿಲ್ಲ, ಸುಣ್ಣ ಕಟ್ಟಿಲ್ಲ, ಅದು ಸಿಗರೇಟು ಸೇದಿಲ್ಲ. ಎಷ್ಟೋ ಪ್ರಯೋಗಗಳಲ್ಲಿ ಔಷಧಿಯನ್ನು ಗಾಯ ಮಾಡುವುದಕ್ಕೆ ಮೊದಲೇ ಕೊಟ್ಟಿರುತ್ತಾರೆ. ಮೇಷ್ಟ್ರು ಶುರು ಮಾಡಿದ್ದು ಎರಡನೇ ತಿಂಗಳಲ್ಲಿ. ಇಲಿಯ ನಾಳದಲ್ಲಿ ಸ್ನಾಯುಕೋಶ ಒಡೆಯಲು ಶುರುವಾಗುವುದು ಗಾಯವಾದ ಒಂದೆರಡು ದಿನದಲ್ಲೇ.

ಇದನ್ನೆಲ್ಲ ಕೇಳಿ ಮಗಳು ಅತ್ತಳು. ಕ್ಯಾಪ್ಸೂಲ್ ತಂದುಕೊಟ್ಟದ್ದು ಅವಳೇ. ಅದರಿಂದ ನಾಳ ಮುಚ್ಚಿಲ್ಲ ಅಂತ ನಾನು ಸ್ಪಷ್ಟವಾಗಿ ಹೇಳಿದೆ. ಬರೀ ಬಲೂನ್ ಹಾಕಿದ ತೊಡೆಯ ನಾಳ ಹೀಗೆ ಮುಚ್ಚುವುದು ತೀರಾ ಸಾಮಾನ್ಯ. ನನಗೆ ಸಿಟ್ಟಿದ್ದದ್ದು ಸ್ಟ್ಯಾಟಿನ್ ಬಿಟ್ಟಿದ್ದಕ್ಕೆ. ಕಾಲಿನ ನಾಳ ಕೆಟ್ಟವರ ಜೀವಕ್ಕೆ ದೊಡ್ಡ ಅಪಾಯ ಹೃದಯ ಮತ್ತು ಮೆದುಳಿನ ನಾಳಗಳಿಂದ ಬರುತ್ತದೆ. ಆ ಮಾತ್ರೆ ಅದಕ್ಕೆ ಕಾವಲು. ಅಂದೇ ವೈದ್ಯರಿಗೆ ತಿಳಿಸಿ ಅದನ್ನು ಮತ್ತೆ ಶುರು ಮಾಡಿಸಿದೆವು.

ಎರಡನೇ ಬಲೂನಿನ ಮೇಲಿನ ಔಷಧಿ

ಎರಡನೇ ಸಲ ಔಷಧಿ ಲೇಪಿಸಿದ ಬಲೂನ್ ಹಾಕೋಣ ಅಂದರು ವೈದ್ಯರು. ಆ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್. ಹೆಸರು ಕೇಳಿ ಮಗಳು ಹುಡುಕಿದಳು. ಮೊದಲು ಸಿಕ್ಕಿದ್ದು ಕ್ಯಾನ್ಸರ್ ಔಷಧಿ ಅಂತ. ಎರಡನೆಯದು, ಇದರಿಂದ ಸಾವು ಹೆಚ್ಚುತ್ತದೆ ಅನ್ನುವ ಹಳೆಯ ಸುದ್ದಿ. ಮತ್ತೆ ಫೋನ್ ಬಂತು.

ನಾನು ಮೊದಲು ಹೇಳಿದ್ದು, ಇದೂ ಗಿಡದ್ದೇ. 1962ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಆರ್ಥರ್ ಬಾರ್ಕ್ಲೆ ಎಂಬ ಸಸ್ಯ ವಿಜ್ಞಾನಿ ಪೆಸಿಫಿಕ್ ಯೂ ಮರದ ತೊಗಟೆ ಕಿತ್ತು ತಂದರು. ಕ್ಯಾನ್ಸರ್‌ಗೆ ಮದ್ದು ಹುಡುಕಲು ಸಾವಿರಾರು ಗಿಡಗಳನ್ನು ಪರೀಕ್ಷಿಸುತ್ತಿದ್ದ ಕಾಲ ಅದು. ಮನ್ರೋ ವಾಲ್ ಮತ್ತು ಮನ್‌ಸುಖ್ ವಾಣಿ ಆ ತೊಗಟೆಯಿಂದ ಈ ವಸ್ತುವನ್ನು ಬೇರ್ಪಡಿಸಿ 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಅದು ಕೆಲಸ ಮಾಡುವ ರೀತಿಯನ್ನು 1979ರಲ್ಲಿ ಸೂಸನ್ ಹಾರ್ವಿಟ್ಜ್ ತೋರಿಸಿದರು. ಕೋಶ ಎರಡಾಗಿ ಒಡೆಯುವಾಗ ಒಳಗೆ ಸಣ್ಣ ಸಣ್ಣ ಕೊಳವೆಗಳ ಚೌಕಟ್ಟು ಕಟ್ಟಿ, ಮತ್ತೆ ಬಿಚ್ಚಬೇಕು. ಪ್ಯಾಕ್ಲಿಟ್ಯಾಕ್ಸೆಲ್ ಆ ಕೊಳವೆಗಳನ್ನು ಬಿಚ್ಚಲಾಗದಂತೆ ಬಿಗಿದುಬಿಡುತ್ತದೆ. ಕೋಶ ಅಲ್ಲೇ ನಿಲ್ಲುತ್ತದೆ. ತೆವಳಲೂ ಆ ಕೊಳವೆಗಳೇ ಬೇಕು, ಹಾಗಾಗಿ ತೆವಳುವುದೂ ನಿಲ್ಲುತ್ತದೆ. ಇಂದು ಇದಕ್ಕಾಗಿ ಕಾಡಿನ ಮರ ಕಡಿಯುವುದಿಲ್ಲ. ಬೇರೆ ಜಾತಿಯ ಯೂ ಎಲೆಗಳಿಂದ ಸಿಗುವ ವಸ್ತುವನ್ನು ಬದಲಾಯಿಸಿ, ಅಥವಾ ಗಿಡದ ಕೋಶಗಳನ್ನು ತೊಟ್ಟಿಯಲ್ಲಿ ಬೆಳೆಸಿ ತಯಾರಿಸುತ್ತಾರೆ.

1995ರಲ್ಲಿ ಇದನ್ನು ಅದೇ ಇಲಿ ಪರೀಕ್ಷೆಗೆ ಇಟ್ಟರು. ಇದೂ ಪಾಸಾಯಿತು. ಇಲ್ಲಿವರೆಗೆ ಇದಕ್ಕೂ ಕರ್ಕ್ಯುಮಿನ್‌ಗೂ ವ್ಯತ್ಯಾಸ ಇಲ್ಲ. ವ್ಯತ್ಯಾಸ ಬಂದದ್ದು ಇದನ್ನು ನುಂಗಿಸುವ ಬದಲು ಗಾಯಕ್ಕೇ ಅಂಟಿಸಿದಾಗ. ಮೊದಲು ಸ್ಟೆಂಟಿಗೆ ಲೇಪಿಸಿ ಹೃದಯದ ನಾಳದಲ್ಲಿಟ್ಟರು. 2004ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಬರೀ ಸ್ಟೆಂಟ್ ಹಾಕಿದವರಲ್ಲಿ ನೂರಕ್ಕೆ 26.6 ಮಂದಿಗೆ ನಾಳ ಮತ್ತೆ ಕಿರಿದಾಗಿತ್ತು. ಲೇಪಿಸಿದ ಸ್ಟೆಂಟ್ ಹಾಕಿದವರಲ್ಲಿ 7.9 ಮಂದಿಗೆ ಮಾತ್ರ. ಆಮೇಲೆ ಬಲೂನಿಗೇ ಲೇಪಿಸಿದರು. 2008ರಲ್ಲಿ ತೊಡೆಯ ನಾಳದ 154 ರೋಗಿಗಳ ಪ್ರಯೋಗ ಪ್ರಕಟವಾಯಿತು. ಆರು ತಿಂಗಳಲ್ಲಿ ಮತ್ತೆ ಕಿರಿದಾದದ್ದು ಬರೀ ಬಲೂನಿನಲ್ಲಿ ನೂರಕ್ಕೆ 44, ಲೇಪಿಸಿದ ಬಲೂನಿನಲ್ಲಿ 17.

ಲೆಕ್ಕ ನೋಡಿ. ಕ್ಯಾನ್ಸರ್‌ಗೆ ಒಂದು ಸಲಕ್ಕೆ ಸುಮಾರು 300 ಮಿಲಿಗ್ರಾಂ ರಕ್ತಕ್ಕೆ ಹರಿಸುತ್ತಾರೆ. ಮೇಷ್ಟ್ರಿಗೆ ಬೇಕಿದ್ದದ್ದು 5 ಮಿ.ಮೀ. ಅಗಲ, 100 ಮಿ.ಮೀ. ಉದ್ದದ ಬಲೂನ್. ಚದರ ಮಿಲಿಮೀಟರಿಗೆ 3.5 ಮೈಕ್ರೋಗ್ರಾಂ ಲೇಪ ಅಂದುಕೊಂಡರೂ ಒಟ್ಟು 5.5 ಮಿಲಿಗ್ರಾಂ. ಬಲೂನ್ ಉಬ್ಬಿಸಿ ಎರಡು ಮೂರು ನಿಮಿಷ ಹಿಡಿಯುತ್ತಾರೆ. ಈ ವಸ್ತು ಕೊಬ್ಬಿನಲ್ಲಿ ಕರಗುವಂಥದ್ದು, ನೀರಲ್ಲಿ ಕರಗುವುದಿಲ್ಲ. ಹಾಗಾಗಿ ಗೋಡೆಗೆ ಅಂಟಿಕೊಂಡು ವಾರಗಟ್ಟಲೆ ಅಲ್ಲೇ ಇರುತ್ತದೆ. ಸ್ನಾಯುಕೋಶಗಳು ಒಡೆಯುವುದೂ ಆ ದಿನಗಳಲ್ಲೇ. ಸರಿಯಾದ ಜಾಗ, ಸರಿಯಾದ ಹೊತ್ತು, ಸಾಕಷ್ಟು ಪ್ರಮಾಣ. ಕ್ಯಾಪ್ಸೂಲಿಗೆ ಈ ಮೂರೂ ಇರಲಿಲ್ಲ.

ಆದರೆ ಸಾವಿನ ಸುದ್ದಿ? ಅದನ್ನು ತಳ್ಳಿಹಾಕಲು ನನಗೆ ಮನಸ್ಸಿರಲಿಲ್ಲ. 2018ರ ಡಿಸೆಂಬರ್‌ನಲ್ಲಿ ಕಾಲಿನ ನಾಳದ 28 ಪ್ರಯೋಗಗಳನ್ನು, 4,663 ರೋಗಿಗಳನ್ನು ಒಟ್ಟು ಮಾಡಿ ನೋಡಿದ ವಿಶ್ಲೇಷಣೆ ಬಂತು. ಎರಡು ವರ್ಷದಲ್ಲಿ ಸತ್ತವರು ಪ್ಯಾಕ್ಲಿಟ್ಯಾಕ್ಸೆಲ್ ಗುಂಪಿನಲ್ಲಿ ನೂರಕ್ಕೆ 7.2, ಇನ್ನೊಂದರಲ್ಲಿ 3.8. ಇಡೀ ವೈದ್ಯಲೋಕ ಬೆಚ್ಚಿತು. ಬಳಕೆ ಕುಸಿಯಿತು. 2020ರಲ್ಲಿ ಸ್ವೀಡನ್‌ನ 2,289 ರೋಗಿಗಳ ಪ್ರಯೋಗದ ಮಧ್ಯಂತರ ಲೆಕ್ಕ ಬಂತು. ಸಾವು ಪ್ಯಾಕ್ಲಿಟ್ಯಾಕ್ಸೆಲ್ ಗುಂಪಿನಲ್ಲಿ ನೂರಕ್ಕೆ 25.5, ಇನ್ನೊಂದರಲ್ಲಿ 24.6. ಅಂದರೆ ಹೆಚ್ಚುಕಡಿಮೆ ಒಂದೇ. ಹಳೆಯ ಪ್ರಯೋಗಗಳಲ್ಲಿ ಮಧ್ಯದಲ್ಲೇ ಕೈಬಿಟ್ಟುಹೋಗಿದ್ದ ರೋಗಿಗಳನ್ನೂ ಹುಡುಕಿ ಲೆಕ್ಕ ಹಾಕಿದ ಮೇಲೆ, 2023ರ ಜುಲೈನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಸಾವು ಹೆಚ್ಚುತ್ತದೆ ಅನ್ನುವುದಕ್ಕೆ ಮಾಹಿತಿಯ ಆಧಾರ ಇಲ್ಲ ಎಂದಿತು.

ಇದನ್ನೆಲ್ಲ ಮೇಷ್ಟ್ರ ಮುಂದೆ ಕೂತು ಹೇಳಿದೆ. ಅವರು ಕೇಳಿದ ಪ್ರಶ್ನೆ ಒಂದೇ. "ಇದು ಹಾಕಿಸದೆ ಇದ್ರೆ ಏನಾಗುತ್ತೆ?" ಬರೀ ಬಲೂನ್ ಹಾಕಿಸಬಹುದು, ಅದು ಮತ್ತೆ ಮುಚ್ಚುವ ಸಾಧ್ಯತೆ ಜಾಸ್ತಿ. ಅಥವಾ ಏನೂ ಹಾಕಿಸದೆ ನಡಿಗೆಯ ವ್ಯಾಯಾಮದಲ್ಲೇ ಪ್ರಯತ್ನಿಸಬಹುದು. ಆ ಮೂರನೆಯ ದಾರಿಯನ್ನು ವೈದ್ಯರೂ ಒತ್ತಿ ಹೇಳಿದರು. ಕಾಲಿನಲ್ಲಿ ಹುಣ್ಣಿಲ್ಲ, ಕೂತಾಗ ನೋವಿಲ್ಲ, ಆತುರವಿಲ್ಲ. ಮೇಷ್ಟ್ರು ಮೂರು ತಿಂಗಳು ನಡೆದು ನೋಡಿದರು. ನೋವು ಬರುವವರೆಗೆ ನಡೆ, ನಿಲ್ಲು, ಮತ್ತೆ ನಡೆ. ವಾರಕ್ಕೆ ಮೂರು ದಿನ, ಮುಕ್ಕಾಲು ಗಂಟೆ. ನೂರು ಮೀಟರ್ ಇದ್ದದ್ದು ನೂರಾ ಎಂಬತ್ತಾಯಿತು. ಅಷ್ಟು ಅವರಿಗೆ ಸಾಲಲಿಲ್ಲ. ಲೇಪಿಸಿದ ಬಲೂನ್ ಹಾಕಿಸಿಕೊಂಡರು.

"ಹಾಗಾದ್ರೆ ನುಂಗಿದ್ರೆ ಯಾವುದೂ ಕೆಲಸ ಮಾಡಲ್ವಾ?"

ಮಗಳ ಈ ಪ್ರಶ್ನೆಗೆ ನನ್ನ ಉತ್ತರ ಕಾಲ್ಚಿಸಿನ್. ಕಾಲ್ಚಿಕಮ್ ಎಂಬ ಗಿಡದಿಂದ ಬರುವ, ಗೌಟ್ ಅನ್ನುವ ಕೀಲುನೋವಿಗೆ ಕೊಡುವ ಹಳೆಯ ಔಷಧಿ. ಇದೂ ಕೋಶದ ಆ ಕೊಳವೆಗಳ ಮೇಲೇ ಕೆಲಸ ಮಾಡುತ್ತದೆ, ಆದರೆ ತಿರುವುಮುರುವು. ಕೊಳವೆ ಕಟ್ಟಲೇ ಬಿಡುವುದಿಲ್ಲ. 1992ರಲ್ಲಿ ಹೃದಯದ ಬಲೂನ್ ಆದವರಿಗೆ ಇದನ್ನು ಕೊಟ್ಟು ನೋಡಿದಾಗ ಏನೂ ಪ್ರಯೋಜನ ಆಗಲಿಲ್ಲ. ಅಲ್ಲಿಗೆ ಅದರ ಕಥೆ ಮುಗಿಯಿತು ಅಂದುಕೊಂಡರು. 2013ರಲ್ಲಿ ಇನ್ನೊಂದು ತಂಡ ಶುಗರ್ ಇರುವ, ಲೇಪವಿಲ್ಲದ ಸ್ಟೆಂಟ್ ಹಾಕಿಸಿಕೊಂಡ 196 ಮಂದಿಯಲ್ಲಿ ಆರು ತಿಂಗಳು ಕೊಟ್ಟು ನೋಡಿತು. ಮತ್ತೆ ಕಿರಿದಾದದ್ದು ನೂರಕ್ಕೆ 16. ಕೊಡದವರಲ್ಲಿ 33.

ಎರಡು ಉತ್ತರ ಯಾಕೆ? ನನಗೆ ಅನ್ನಿಸುವುದು, ಬರೀ ಬಲೂನಿನಲ್ಲಿ ನಾಳ ಕುಗ್ಗುವುದೂ ಸೇರಿರುತ್ತದೆ, ಅದನ್ನು ಈ ಔಷಧಿ ತಡೆಯಲಾರದು. ಸ್ಟೆಂಟ್ ಇದ್ದಾಗ ಉಳಿಯುವುದು ಉರಿಯೂತ ಮತ್ತು ಕೋಶದ ಬೆಳವಣಿಗೆ, ಅಲ್ಲಿ ಇದಕ್ಕೆ ಹಿಡಿತ ಸಿಕ್ಕಿದೆ. ಆದರೆ ಅದು ಹೃದಯದ ನಾಳ. ಮೇಷ್ಟ್ರ ಕಾಲಿಗೆ ಈ ಔಷಧಿ ಕೊಡಲು ಆ ಒಂದು ಪ್ರಯೋಗ ಸಾಲದು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಅಗ್ನಿಶಿಖೆಯ ಗೆಡ್ಡೆಯಲ್ಲೂ ಕಾಲ್ಚಿಸಿನ್ ಇದೆ. ಅದನ್ನು ತಿಂದು ಸತ್ತವರಿದ್ದಾರೆ. ಔಷಧಿಯ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವೆ ಬಹಳ ಅಂತರ ಇಲ್ಲ.

ಪ್ಯಾಕ್ಲಿಟ್ಯಾಕ್ಸೆಲ್‌ಗೂ ತನ್ನದೇ ಕೊರತೆ ಇದೆ. ಸ್ನಾಯುಕೋಶವನ್ನು ನಿಲ್ಲಿಸುವಾಗ ಅದು ಒಳಪದರದ ಕೋಶವನ್ನೂ ನಿಲ್ಲಿಸುತ್ತದೆ. ಗಾಯ ಮುಚ್ಚುವುದು ತಡವಾಗುತ್ತದೆ. 2006ರ ಹೊತ್ತಿಗೆ ಲೇಪಿತ ಸ್ಟೆಂಟ್‌ಗಳಲ್ಲಿ ವರ್ಷದ ನಂತರವೂ ರಕ್ತ ಹೆಪ್ಪುಗಟ್ಟಿದ್ದು ಕಂಡು ದೊಡ್ಡ ಆತಂಕ ಎದ್ದದ್ದು ಇದಕ್ಕೇ. ಹಾಗಾಗಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಅನ್ನು ವೈದ್ಯರು ಹೇಳುವವರೆಗೆ ಒಂದು ದಿನವೂ ತಪ್ಪಿಸಬೇಡಿ ಅಂತ ಮೇಷ್ಟ್ರಿಗೆ ಮೂರು ಸಲ ಹೇಳಿದೆ. ಗಿಡಗಳ ವಸ್ತುಗಳಲ್ಲಿ ನನಗೆ ಇನ್ನೂ ಆಸೆ ಇರುವುದೂ ಇಲ್ಲೇ. ಸ್ನಾಯುಕೋಶವನ್ನು ತಡೆದು ಒಳಪದರವನ್ನು ಬೆಳೆಯಲು ಬಿಡುವ ವಸ್ತು ಬೇಕಾಗಿದೆ. ಕರ್ಕ್ಯುಮಿನ್, ರೆಸ್ವೆರಟ್ರಾಲ್‌ಗಳನ್ನು ಸ್ಟೆಂಟಿಗೆ, ಬಲೂನಿಗೆ ಲೇಪಿಸಿ ಪ್ರಾಣಿಗಳಲ್ಲಿ ನೋಡುತ್ತಿರುವುದು ಅದಕ್ಕೇ. ಆ ದಾರಿ ನನಗೆ ಸರಿ ಅನ್ನಿಸುತ್ತದೆ. ಕ್ಯಾಪ್ಸೂಲಿನ ದಾರಿ ಅನ್ನಿಸುವುದಿಲ್ಲ.

ಈಗ

ಎರಡನೇ ಬಲೂನ್ ಆಗಿ ಒಂದು ವರ್ಷ ದಾಟಿದೆ. ಮಾರನೇ ದಿನ 0.94 ಇದ್ದ ಸಂಖ್ಯೆ ಈಗ 0.88. ಸ್ಕ್ಯಾನ್‌ನಲ್ಲಿ ನಾಳ ತೆರೆದೇ ಇದೆ, ಒಂದು ಕಡೆ ಸ್ವಲ್ಪ ದಪ್ಪ ಕಾಣುತ್ತದೆ. ಇದಕ್ಕೆ ಲೇಪವೇ ಕಾರಣವೋ, ಸಿಗರೇಟು ಬಿಟ್ಟದ್ದೋ, ನಡಿಗೆಯೋ, ಒಬ್ಬರೇ ಒಬ್ಬರ ಪ್ರಕರಣದಿಂದ ಬೇರ್ಪಡಿಸಿ ಹೇಳಲು ಆಗುವುದಿಲ್ಲ. 2025ರಲ್ಲಿ ಸ್ವೀಡನ್ ಪ್ರಯೋಗಗಳ ಪೂರ್ಣ ಫಲಿತಾಂಶ ಬಂದಾಗ, ಲೇಪಿತ ಸಾಧನಗಳಿಂದ ಕಾಲು ಕತ್ತರಿಸುವುದು ಕಡಿಮೆಯಾಗಲಿಲ್ಲ, ನಡಿಗೆಯ ನೋವಿದ್ದವರ ಜೀವನದ ಗುಣಮಟ್ಟವೂ ಹೆಚ್ಚಲಿಲ್ಲ ಅಂತ ಗೊತ್ತಾಯಿತು. ನಾಳ ತೆರೆದಿರುವುದು ಒಂದು, ಮನುಷ್ಯ ಚೆನ್ನಾಗಿರುವುದು ಇನ್ನೊಂದು. ಇದನ್ನೂ ಮೇಷ್ಟ್ರಿಗೆ ಮುಚ್ಚಿಡದೆ ಹೇಳಿದೆ. ಅವರು ತಲೆಯಾಡಿಸಿ, ಮುಂದಿನ ಸ್ಕ್ಯಾನ್ ಯಾವಾಗ ಅಂತ ಕೇಳಿದರು.

ಆರು ತಿಂಗಳ ನಂತರ. ಅಷ್ಟರವರೆಗೆ ದಿನಾ ನಲವತ್ತು ನಿಮಿಷ ನಡೆಯುತ್ತಾರೆ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರನ್ನು, ಗಿಡದ್ದೂ ಸೇರಿಸಿ, ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ವೈದ್ಯರು ಕೇಳದಿದ್ದರೂ ತಾವೇ ತೆಗೆದು ತೋರಿಸುತ್ತಾರೆ.